ಏರಿನಲ್ಲಿ ಕೈಕೊಡುವ ಬ್ಯಾಟರಿ: 48 ವೋಲ್ಟ್‌ಗೆ ಹೋಗಬೇಕೆ, 36ರಲ್ಲೇ ಉಳಿಯಬೇಕೆ?

ಪ್ರಶ್ನೆ: ಮೂರು ವರ್ಷಗಳ ಹಿಂದೆ ಒಂದು ಮೌಂಟನ್ ಬೈಕಿಗೆ 250 ವಾಟ್‌ನ ಗೇರ್ಡ್ ಹಬ್ ಮೋಟಾರ್ (ಚಕ್ರದ ನಡುವೆ ಕೂರುವ ಮೋಟಾರು), ಅದಕ್ಕೆ ಕರೆಂಟ್ ಹಾಯಿಸುವ 15 ಆಂಪಿಯರ್ ಕಂಟ್ರೋಲರ್ ಮತ್ತು 36 ವೋಲ್ಟ್, 10 ಆಂಪಿಯರ್-ಅವರ್‌ನ ಲಿಥಿಯಂ ಪ್ಯಾಕ್ ಅನ್ನು ನಾನೇ ಕೂರಿಸಿಕೊಂಡೆ. ಚಿಕ್ಕಮಗಳೂರು ಪೇಟೆಯಿಂದ ಮುಳ್ಳಯ್ಯನಗಿರಿಯ ಕಡೆಗೆ ಹೋಗುವಾಗ, ಕೈಮರ ದಾಟಿ ಕಡಿದಾದ ತಿರುವುಗಳು ಬಂದ ಮೇಲೆ, ಇಂಡಿಕೇಟರಿನಲ್ಲಿ ಇನ್ನೂ ಎರಡು ಗೆರೆ ಇರುವಾಗಲೇ ಮೋಟಾರು ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. 48 ವೋಲ್ಟ್ ಹಾಕಿಸು ಎಂದು ಗೆಳೆಯರು ಹೇಳುತ್ತಾರೆ. ಇರುವ ಪ್ಯಾಕಿಗೆ ಇನ್ನೊಂದನ್ನು ಜೋಡಿಸಿದರೆ ಸಾಲದೆ? ಹಳೆಯ ಲ್ಯಾಪ್‌ಟಾಪ್ ಸೆಲ್‌ಗಳಿಂದ ಕಟ್ಟಿಕೊಳ್ಳಬಹುದೆ? ಇಳಿಯುವಾಗ ಚಾರ್ಜ್ ಆಗುವಂತೆ ಮಾಡಲು ಸಾಧ್ಯವೆ?
— ಚಿಕ್ಕಮಗಳೂರಿನ ಓದುಗರೊಬ್ಬರು

ಉತ್ತರ: ನಮಸ್ಕಾರ. ನೀವು ಕೊಟ್ಟಿರುವ ಲಕ್ಷಣಗಳನ್ನು ನೋಡಿದರೆ ನಿಮ್ಮ ಬೈಕಿಗೆ ಬೇಕಿರುವುದು ಹೆಚ್ಚಿನ ವೋಲ್ಟೇಜ್ ಅಲ್ಲ. ಹೊರೆ ಬಿದ್ದಾಗ ಕುಸಿಯದೆ ನಿಲ್ಲುವ, ಈಗಿನದಕ್ಕಿಂತ ದೊಡ್ಡದಾದ 36 ವೋಲ್ಟ್‌ನ ಪ್ಯಾಕ್. ಹಾಗೇಕೆ ಹೇಳುತ್ತೇನೆ ಎಂಬುದನ್ನು ವಿವರಿಸುತ್ತೇನೆ. ಆದರೆ ಹಣ ಖರ್ಚು ಮಾಡುವುದಕ್ಕೆ ಮುಂಚೆ ಮನೆಯಲ್ಲೇ ಮಾಡಬಹುದಾದ ಒಂದೆರಡು ಪರೀಕ್ಷೆಗಳಿವೆ, ಅವುಗಳಿಂದ ಆರಂಭಿಸೋಣ.

ಮೋಟಾರು ನಿಂತ ಕ್ಷಣದಲ್ಲಿ ಡಿಸ್‌ಪ್ಲೇ ಏನಾಗುತ್ತದೆ ಎಂಬುದನ್ನು ಮುಂದಿನ ಸಲ ಗಮನಿಸಿ. ಡಿಸ್‌ಪ್ಲೇ ಕೂಡ ಪೂರ್ತಿ ಆರಿಹೋದರೆ ಪ್ಯಾಕಿನೊಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ರಕ್ಷಣಾ ಬೋರ್ಡ್) ಸಂಪರ್ಕ ಕಡಿದಿದೆ ಎಂದರ್ಥ. ಡಿಸ್‌ಪ್ಲೇ ಉರಿಯುತ್ತಲೇ ಇದ್ದು ಮೋಟಾರು ಮಾತ್ರ ನಿಂತರೆ, ಒಟ್ಟು ವೋಲ್ಟೇಜ್ ತನ್ನ ಮಿತಿಗಿಂತ ಕೆಳಗೆ ಬಂದುದನ್ನು ಕಂಡು ಕಂಟ್ರೋಲರ್ ತಾನೇ ನಿಲ್ಲಿಸಿರುವ ಸಂಭವ ಹೆಚ್ಚು. 36 ವೋಲ್ಟ್‌ನ ಕಂಟ್ರೋಲರುಗಳಲ್ಲಿ ಈ ಮಿತಿ ಸಾಮಾನ್ಯವಾಗಿ 30ರಿಂದ 31 ವೋಲ್ಟ್ ಇರುತ್ತದೆ. ಮೊದಲನೆಯದು ಯಾವುದೋ ಒಂದು ಸೆಲ್ ಗುಂಪು ಸೋತಿರುವುದರ ಸೂಚನೆ, ಎರಡನೆಯದು ಇಡೀ ಪ್ಯಾಕ್ ಬಳಲಿರುವುದರ ಸೂಚನೆ.

ನಿಮ್ಮದು ಹತ್ತು ಗುಂಪುಗಳನ್ನು ಸರಣಿಯಲ್ಲಿ ಜೋಡಿಸಿದ, ಪ್ರತಿ ಗುಂಪಿನಲ್ಲಿ ನಾಲ್ಕು ಸೆಲ್‌ಗಳಿರುವ 10ಎಸ್ 4ಪಿ ಪ್ಯಾಕ್ ಇರಬೇಕು. ಪೂರ್ತಿ ಚಾರ್ಜ್ ಆದಾಗ ಪ್ರತಿ ಗುಂಪು 4.2 ವೋಲ್ಟ್, ಒಟ್ಟು 42 ವೋಲ್ಟ್. ಬಿಎಂಎಸ್‌ಗೆ ಹೋಗುವ ತೆಳು ತಂತಿಗಳ ಬಿಳಿ ಕನೆಕ್ಟರಿನಲ್ಲಿ ಸಾಮಾನ್ಯವಾಗಿ 11 ತಂತಿಗಳಿರುತ್ತವೆ. ಅಕ್ಕಪಕ್ಕದ ಎರಡೆರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಒಂದೊಂದು ಗುಂಪಿನ ವೋಲ್ಟೇಜ್ ಸಿಗುತ್ತದೆ. ಇಲ್ಲಿ ಒಂದು ಎಚ್ಚರ ಬಹಳ ಮುಖ್ಯ: ಮಲ್ಟಿಮೀಟರಿನ ಮೊನೆ ಜಾರಿ ಎರಡು ಪಿನ್‌ಗಳನ್ನು ಒಟ್ಟಿಗೆ ಮುಟ್ಟಿದರೆ ಆ ಗುಂಪು ಶಾರ್ಟ್ ಆಗುತ್ತದೆ. ಆದ್ದರಿಂದ ಮೊನೆಗಳಿಗೆ ಟೇಪ್ ಸುತ್ತಿ, ತುದಿಯಲ್ಲಿ ಎರಡು ಮಿಲಿಮೀಟರಿನಷ್ಟು ಲೋಹ ಮಾತ್ರ ಹೊರಗಿರುವಂತೆ ಮಾಡಿಕೊಳ್ಳಿ; ಉಂಗುರ, ಕೈಗಡಿಯಾರ ತೆಗೆದಿಡಿ. ಪೂರ್ತಿ ಚಾರ್ಜ್ ಆದ ಮೇಲೆ ಒಮ್ಮೆ, ಬೆಟ್ಟದಲ್ಲಿ ನಿಂತುಹೋದ ದಿನ ಮನೆಗೆ ಬಂದ ಮೇಲೆ ಮತ್ತೊಮ್ಮೆ ಹತ್ತೂ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಒಂಬತ್ತು ಗುಂಪುಗಳು 3.6ರ ಆಸುಪಾಸಿನಲ್ಲಿದ್ದು ಒಂದು ಮಾತ್ರ 3.2ರಲ್ಲಿದ್ದರೆ ಕಾರಣ ಅಲ್ಲೇ ಇದೆ: ಏರಿನಲ್ಲಿ ಪೂರ್ಣ ಕರೆಂಟ್ ಎಳೆದಾಗ ಆ ಒಂದು ಗುಂಪು 2.8ಕ್ಕೆ ಇಳಿಯುತ್ತದೆ, ಉಳಿದ ಒಂಬತ್ತರಲ್ಲಿ ಶಕ್ತಿ ಇದ್ದರೂ ಬಿಎಂಎಸ್ ಇಡೀ ಪ್ಯಾಕನ್ನು ಮುಚ್ಚುತ್ತದೆ. ಇಂಡಿಕೇಟರ್ ನೋಡುವುದು ಒಟ್ಟು ವೋಲ್ಟೇಜನ್ನು ಮಾತ್ರವಾದ್ದರಿಂದ ಎರಡು ಗೆರೆ ತೋರಿಸುತ್ತಲೇ ಇರುತ್ತದೆ.

ಮಲೆನಾಡಿನಲ್ಲಿ ಬೈಕ್ ಓಡಿಸುವವರು ಇಲ್ಲಿ ಇನ್ನೊಂದು ಸಾಧ್ಯತೆಯನ್ನೂ ನೋಡಬೇಕು. ಮೂರು ಮಳೆಗಾಲ ಕಂಡ ಪ್ಯಾಕಿನಲ್ಲಿ ಬಿಎಂಎಸ್ ಬೋರ್ಡಿನ ಮೇಲೆ ತೇವ ಕೂತು, ತೆಳು ತಂತಿಗಳ ಬುಡದಲ್ಲಿ ಹಸಿರು ಕಿಲುಬು ಹಿಡಿದು, ಒಂದು ಗುಂಪಿನಿಂದ ಹಗಲೂ ರಾತ್ರಿ ಸಣ್ಣಗೆ ಕರೆಂಟ್ ಸೋರುವುದುಂಟು. ಆಗ ಸೆಲ್ ಚೆನ್ನಾಗಿದ್ದರೂ ಕೆಟ್ಟಂತೆ ಕಾಣುತ್ತದೆ. ಇದನ್ನು ಪತ್ತೆ ಮಾಡಲು, ತಿಳಿದವರ ಕೈಯಲ್ಲಿ ಆ ಗುಂಪನ್ನು ಪ್ರತ್ಯೇಕವಾಗಿ ಚಾರ್ಜ್ ಮಾಡಿಸಿ ಉಳಿದವುಗಳ ಮಟ್ಟಕ್ಕೆ ತಂದು, ಬಿಎಂಎಸ್‌ನ ಕನೆಕ್ಟರ್ ಬಿಚ್ಚಿ ಒಂದು ವಾರ ಹಾಗೆಯೇ ಬಿಡಿ. ವೋಲ್ಟೇಜ್ ನಿಂತರೆ ದೋಷ ಬೋರ್ಡಿನದು, ಬೋರ್ಡ್ ಬದಲಿಸಿದರೆ ಸಾಕು. ಇಳಿದರೆ ದೋಷ ಸೆಲ್‌ನದು. ಸೆಲ್‌ನದಾದರೆ ಮೂರು ವರ್ಷ ಹಳೆಯ ಪ್ಯಾಕಿನಲ್ಲಿ ನಾಲ್ಕು ಹೊಸ ಸೆಲ್ ಸೇರಿಸಿ ರಿಪೇರಿ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಉಳಿದ 36 ಸೆಲ್‌ಗಳೂ ಅಷ್ಟೇ ದುಡಿದಿವೆ. ಕೆಲವೇ ತಿಂಗಳಲ್ಲಿ ಇನ್ನೊಂದು ಗುಂಪು ಅದೇ ಸ್ಥಿತಿಗೆ ಬರುತ್ತದೆ.

ಹತ್ತೂ ಗುಂಪುಗಳು ಸಮವಾಗಿದ್ದರೆ ಆಗ ಪ್ರಶ್ನೆ ಆಂತರಿಕ ರೋಧದ್ದು, ಅಂದರೆ ಪ್ಯಾಕಿನೊಳಗೇ ಕರೆಂಟಿಗೆ ಎದುರಾಗುವ ತಡೆಯದ್ದು. ಒಂದು ವಾಟ್ ಮೀಟರನ್ನು ಪ್ಯಾಕ್ ಮತ್ತು ಕಂಟ್ರೋಲರ್ ನಡುವೆ ಹಾಕಿಕೊಂಡರೆ ಇದನ್ನು ನೀವೇ ಅಳೆಯಬಹುದು. ನಿಂತಾಗ 38.4 ವೋಲ್ಟ್ ಇದ್ದು, ಏರಿನಲ್ಲಿ 12 ಆಂಪಿಯರ್ ಎಳೆಯುವಾಗ 35.4ಕ್ಕೆ ಇಳಿದರೆ, ಮೂರು ವೋಲ್ಟನ್ನು ಹನ್ನೆರಡರಿಂದ ಭಾಗಿಸಿ, ರೋಧ 0.25 ಓಮ್. ಇದೇ ಪ್ಯಾಕಿನಿಂದ 15 ಆಂಪಿಯರ್ ಎಳೆದರೆ ಕುಸಿತ 3.75 ವೋಲ್ಟ್, ಮತ್ತು ಸುಮಾರು 56 ವಾಟ್ ಪ್ಯಾಕ್, ತಂತಿ ಮತ್ತು ಸಂಪರ್ಕಗಳಲ್ಲೇ ಶಾಖವಾಗಿ ಹೋಗುತ್ತದೆ. ನಿಂತಾಗ 34 ವೋಲ್ಟ್ ತೋರಿಸುವ ಪ್ಯಾಕ್ ಏರಿನಲ್ಲಿ ಸುಮಾರು 30ಕ್ಕೆ ಬಿದ್ದು ಕಂಟ್ರೋಲರ್ ನಿಲ್ಲುವುದು ಹೀಗೆ. ಸ್ವಲ್ಪ ಹೊತ್ತು ಬಿಟ್ಟರೆ ವೋಲ್ಟೇಜ್ ಮೇಲೇಳುತ್ತದೆ, ಮತ್ತೆ ಓಡುತ್ತದೆ. ನೀವು ಹೇಳಿದ ಲಕ್ಷಣವೂ ಇದೇ.

ಈಗ ನಿಮ್ಮ ದಾರಿಯ ಲೆಕ್ಕ ಹಾಕೋಣ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್, ಪೇಟೆಯದು 1,090ರ ಆಸುಪಾಸು. ಶಿಖರದವರೆಗೆ ರಸ್ತೆ ಇಲ್ಲವಾದ್ದರಿಂದ ಏರಿಕೆಯನ್ನು 800 ಮೀಟರ್, ದೂರವನ್ನು 20 ಕಿಲೋಮೀಟರ್ ಎಂದು ಹಿಡಿಯೋಣ. ಸವಾರ, ಬೈಕು, ಚೀಲ ಎಲ್ಲ ಸೇರಿ 110 ಕಿಲೋ ಎಂದುಕೊಂಡರೆ, ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು 240 ವಾಟ್-ಅವರ್ ಬೇಕು. ದಪ್ಪ ಗುಬಟಿನ ಟೈರುಗಳ ಘರ್ಷಣೆಗೆ ಸುಮಾರು 70 ಸೇರಿಸಿ. ನೀವು ಒಂದೂವರೆ ಗಂಟೆ ಬಿಡದೆ ಪೆಡಲ್ ತುಳಿದು 100 ವಾಟ್ ಕೊಟ್ಟರೆ ಅದರಲ್ಲಿ 150 ನಿಮ್ಮ ಕಾಲಿನದು. ಉಳಿದ 160 ಮೋಟಾರಿನದು. ಕಡಿದಾದ ಏರಿನಲ್ಲಿ ನಿಧಾನವಾಗಿ ಸುತ್ತುವ ಹಬ್ ಮೋಟಾರಿನ ದಕ್ಷತೆ 65 ಶೇಕಡಾ ಎಂದು ಹಿಡಿದರೂ ಪ್ಯಾಕಿನಿಂದ 245 ವಾಟ್-ಅವರ್ ಹೊರಬರಬೇಕು. ಪೆಡಲ್ ತುಳಿಯದೆ ಮೋಟಾರಿಗೇ ಬಿಟ್ಟರೆ 475ಕ್ಕೂ ಮೇಲೆ. ನಿಮ್ಮ ಪ್ಯಾಕ್ ಹೊಸದಿದ್ದಾಗಲೇ ಇದ್ದದ್ದು 36ನ್ನು 10ರಿಂದ ಗುಣಿಸಿ 360. ಮೂರು ವರ್ಷಕ್ಕೆ ಅದರ ಐದನೇ ಒಂದು ಭಾಗ ಹೋಗಿದ್ದರೆ 290. ವೋಲ್ಟೇಜ್ ಕುಸಿತದಿಂದಾಗಿ ತಳದಲ್ಲಿ ಉಳಿದದ್ದನ್ನು ಏರಿನಲ್ಲಿ ಬಳಸಲಾಗದು ಎಂಬುದನ್ನು ಸೇರಿಸಿದರೆ, ಕೊನೆಯ ತಿರುವುಗಳಲ್ಲಿ ನಿಲ್ಲುವುದು ಅಚ್ಚರಿಯಲ್ಲ.

ಗೆಳೆಯರ ಸಲಹೆಗೆ ಬರುತ್ತೇನೆ. 48 ವೋಲ್ಟ್‌ನ ಪ್ಯಾಕ್ ಎಂದರೆ 13 ಗುಂಪು, ಪೂರ್ತಿ ಚಾರ್ಜ್ ಆದಾಗ 54.6 ವೋಲ್ಟ್. 36 ವೋಲ್ಟ್‌ಗೆಂದೇ ಮಾಡಿದ ಅನೇಕ ಕಂಟ್ರೋಲರುಗಳಲ್ಲಿ ಒಳಗಿನ ದೊಡ್ಡ ಕೆಪಾಸಿಟರುಗಳು 50 ವೋಲ್ಟ್‌ನವು. ಮುಚ್ಚಳ ತೆಗೆದು ಅವುಗಳ ಮೈಮೇಲೆ ಬರೆದಿರುವ ಅಂಕಿಯನ್ನು ಓದಿದರೆ ನಿಮಗೇ ಕಾಣುತ್ತದೆ. ಅಂಥದಕ್ಕೆ ಈ ಪ್ಯಾಕ್ ಜೋಡಿಸಿದರೆ ಕೆಪಾಸಿಟರ್ ಒಡೆಯಬಹುದು. 63 ವೋಲ್ಟ್‌ನವು ಇದ್ದರೂ ಪ್ಯಾಕ್ 36ರದೋ 48ರದೋ ಎಂದು ಕಂಟ್ರೋಲರ್ ತಾನೇ ಗುರುತಿಸುವಂಥದ್ದಾಗಿರಬೇಕು. ಇಲ್ಲವಾದರೆ ಅದು 31 ವೋಲ್ಟ್ ಬರುವವರೆಗೆ ನಿಲ್ಲಿಸುವುದೇ ಇಲ್ಲ, 13 ಗುಂಪಿನ ಪ್ಯಾಕಿಗೆ ಅದು ಪ್ರತಿ ಸೆಲ್‌ಗೆ 2.4 ವೋಲ್ಟ್, ಅಂದರೆ ಹಾನಿಯ ಮಟ್ಟ. ಡಿಸ್‌ಪ್ಲೇ, ಚಾರ್ಜರ್, ದೀಪಕ್ಕೆ ಕರೆಂಟ್ ಕೊಡುವ ಕನ್ವರ್ಟರ್ ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು ಸಮತಟ್ಟಾದ ರಸ್ತೆಯಲ್ಲಿ ಮೂರನೇ ಒಂದು ಭಾಗದಷ್ಟು ಹೆಚ್ಚು ವೇಗ; ಏರಿನಲ್ಲಿ ಸಿಗುವುದು ಅದೇ ಪುಟ್ಟ ಮೋಟಾರಿನೊಳಗೆ ಹೆಚ್ಚು ಶಾಖ. ಗೇರ್ಡ್ ಹಬ್‌ನೊಳಗಿನ ನೈಲಾನ್ ಹಲ್ಲುಗಳು ಬಿಸಿಗೆ ಮೆದುವಾಗಿ ಸವೆಯುತ್ತವೆ.

ಕಾನೂನಿನ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ, ಮೋಟಾರಿನ ಮೂವತ್ತು ನಿಮಿಷಗಳ ಶಕ್ತಿ 250 ವಾಟ್‌ಗಿಂತ ಕಡಿಮೆ ಇದ್ದು, ಗಂಟೆಗೆ 25 ಕಿಲೋಮೀಟರ್ ತಲುಪಿದಾಗ ಅದರ ನೆರವು ನಿಲ್ಲುವ ಪೆಡಲ್ ಸೈಕಲ್ಲು ಮೋಟಾರು ವಾಹನ ಎನಿಸಿಕೊಳ್ಳುವುದಿಲ್ಲ. ಈ ಮಿತಿ ದಾಟಿದರೆ ನೋಂದಣಿ, ಲೈಸೆನ್ಸ್, ವಿಮೆ ಎಲ್ಲವೂ ಬೇಕಾಗುತ್ತವೆ. ಮನೆಯಲ್ಲಿ ಕಟ್ಟಿದ ಬೈಕಿಗೆ ನೋಂದಣಿ ಮಾಡಿಸುವುದು ಸುಲಭವಲ್ಲ. ಯಾರಿಗಾದರೂ ಪೆಟ್ಟಾದ ದಿನ ಈ ಪ್ರಶ್ನೆ ಬಹಳ ಭಾರವಾಗುತ್ತದೆ. ಏರಿಗೆ ಇನ್ನೂ ಹೆಚ್ಚಿನ ಬಲ ಬೇಕೇ ಬೇಕೆಂದಾದರೆ, ಬೈಕಿನ ಗೇರುಗಳನ್ನೇ ಬಳಸಿಕೊಳ್ಳುವ, ಇದೇ ಮಿತಿಯೊಳಗಿನ, ಪೆಡಲ್‌ಗಳ ನಡುವೆ ಕೂರುವ ಮಿಡ್-ಡ್ರೈವ್ ಮೋಟಾರಿನತ್ತ ನೋಡುವುದು ಸರಿಯಾದ ದಾರಿ.

ಎರಡನೆಯ ಪ್ಯಾಕ್ ಜೋಡಿಸುವ ವಿಚಾರ. ಹಳೆಯ ಪ್ಯಾಕನ್ನೂ ಹೊಸದನ್ನೂ ಸಮಾಂತರವಾಗಿ ಸದಾಕಾಲ ಕಟ್ಟಿಡಬೇಡಿ. ಒಂದು 42 ವೋಲ್ಟ್‌ನಲ್ಲಿ, ಇನ್ನೊಂದು 36ರಲ್ಲಿ ಇರುವಾಗ ಎರಡನ್ನೂ ಸೇರಿಸಿದರೆ, ಮಟ್ಟ ಬೇರೆಯಿರುವ ಎರಡು ನೀರಿನ ಟ್ಯಾಂಕುಗಳ ನಡುವಿನ ಕವಾಟ ತೆರೆದಂತೆ, ತುಂಬಿದ್ದರಿಂದ ಖಾಲಿಯಾದದ್ದಕ್ಕೆ ಕರೆಂಟ್ ನುಗ್ಗುತ್ತದೆ. ಅದನ್ನು ತಡೆಯಲು ಇರುವುದು ಎರಡರ ಆಂತರಿಕ ರೋಧ ಮಾತ್ರ: ಒಟ್ಟು 0.2 ಓಮ್ ಇದ್ದರೆ ಮೊದಲ ಕ್ಷಣದಲ್ಲೇ 30 ಆಂಪಿಯರ್. ಎರಡನ್ನೂ ಪೂರ್ತಿ ಚಾರ್ಜ್ ಮಾಡಿ, ವೋಲ್ಟೇಜ್ ಸಮವಾದ ಮೇಲೆ ಸೇರಿಸಿದರೂ ನಿಮ್ಮ ಸಂದರ್ಭದಲ್ಲಿ ಅಪಾಯ ತಪ್ಪುವುದಿಲ್ಲ. ಏರಿನ ನಡುವೆ ಹಳೆಯ ಪ್ಯಾಕಿನ ದುರ್ಬಲ ಗುಂಪಿನಿಂದಾಗಿ ಅದರ ಬಿಎಂಎಸ್ ಕಡಿದುಕೊಂಡರೆ ಇಡೀ ಹೊರೆ ಹೊಸದರ ಮೇಲೆ ಬೀಳುತ್ತದೆ. ಬಳಿಕ ಅದು ತಾನಾಗಿ ಮತ್ತೆ ಸೇರಿಕೊಂಡಾಗ ಎರಡರ ವೋಲ್ಟೇಜ್ ಬೇರೆ ಬೇರೆಯಾಗಿರುತ್ತದೆ. ಹಳೆಯದು ಪರೀಕ್ಷೆಯಲ್ಲಿ ಪಾಸಾದರೆ ಅದನ್ನು ಚೀಲದಲ್ಲಿ ಇಟ್ಟುಕೊಂಡು, ಒಂದು ಮುಗಿದ ಮೇಲೆ ಬೈಕ್ ನಿಲ್ಲಿಸಿ, ಸ್ವಿಚ್ ಆರಿಸಿ, ಪ್ಲಗ್ ಬದಲಿಸಿಕೊಳ್ಳಿ. ಎರಡನ್ನೂ ಒಟ್ಟಿಗೆ ಬಳಸಲೇಬೇಕಾದರೆ ಹಿಮ್ಮುಖ ಕರೆಂಟನ್ನು ತಡೆಯುವ ಡ್ಯುಯಲ್ ಬ್ಯಾಟರಿ ಬೋರ್ಡ್ ಹಾಕಿಸಿ, ಅದೂ ನಿಮ್ಮ ಕರೆಂಟಿನ ಎರಡು ಪಟ್ಟು ತಾಳುವಂಥದ್ದು.

ಲ್ಯಾಪ್‌ಟಾಪ್ ಸೆಲ್‌ಗಳ ವಿಷಯದಲ್ಲಿ ನನ್ನ ಉತ್ತರ ಒಂದೇ: ಬೇಡ. ಅವು ನಿಧಾನವಾಗಿ ಖಾಲಿಯಾಗುವ ಕೆಲಸಕ್ಕೆ ಮಾಡಿದವು, ಒಂದೊಂದರ ವಯಸ್ಸೂ ಸ್ಥಿತಿಯೂ ಬೇರೆ, ಮತ್ತು ನಿಮ್ಮ ತೊಂದರೆಯೇ ಆಂತರಿಕ ರೋಧದ್ದಾಗಿರುವಾಗ ಹೆಚ್ಚು ರೋಧವಿರುವ ಸೆಲ್‌ಗಳನ್ನು ಹುಡುಕಿ ತರುವುದರಲ್ಲಿ ಅರ್ಥವಿಲ್ಲ.

ನಿಮ್ಮ ಬೈಕಿಗೆ ನಾನು ಸೂಚಿಸುವುದು 21700 ಗಾತ್ರದ, 5000 ಮಿಲಿ ಆಂಪಿಯರ್-ಅವರ್‌ನ ಸೆಲ್‌ಗಳ 10ಎಸ್ 4ಪಿ ಪ್ಯಾಕ್: 36 ವೋಲ್ಟ್, 20 ಆಂಪಿಯರ್-ಅವರ್, 720 ವಾಟ್-ಅವರ್. ಸೆಲ್‌ಗಳ ಸಂಖ್ಯೆ ಈಗಿನಷ್ಟೇ ನಲವತ್ತು. ಒಂದೊಂದು ಸುಮಾರು 70 ಗ್ರಾಂ ಆದ್ದರಿಂದ ಸೆಲ್‌ಗಳ ತೂಕ 2.8 ಕಿಲೋ, ಪೆಟ್ಟಿಗೆ ಸೇರಿ ಮೂರೂವರೆಯ ಆಸುಪಾಸು. 15 ಆಂಪಿಯರ್ ನಾಲ್ಕು ಸೆಲ್‌ಗಳಿಗೆ ಹಂಚಿಕೆಯಾದರೆ ಒಂದಕ್ಕೆ 3.75 ಮಾತ್ರ. ಸ್ಯಾಮ್‌ಸಂಗ್ 50ಇ ಸೆಲ್‌ಗೆ 9.8 ಆಂಪಿಯರಿನವರೆಗೆ ಅನುಮತಿ ಇದೆ, ಹಾಗಾಗಿ ಸೆಲ್ ದಣಿಯುವುದಿಲ್ಲ. ಒಟ್ಟು ರೋಧ 0.1 ಓಮಿನ ಹತ್ತಿರ ಬಂದರೆ ಪೂರ್ಣ ಹೊರೆಯಲ್ಲೂ ಕುಸಿತ ಒಂದೂವರೆ ವೋಲ್ಟ್. ಕಂಟ್ರೋಲರ್, ಮೋಟಾರು, ಡಿಸ್‌ಪ್ಲೇ ಯಾವುದನ್ನೂ ಮುಟ್ಟಬೇಕಿಲ್ಲ. ಇರುವ 42 ವೋಲ್ಟ್‌ನ ಚಾರ್ಜರ್ ಕೂಡ ನಡೆಯುತ್ತದೆ. ಎರಡು ಆಂಪಿಯರಿನದಾದರೆ ಹತ್ತು ಗಂಟೆಗೂ ಮೇಲೆ ಬೇಕು, ಆದ್ದರಿಂದ ನಾಲ್ಕು ಆಂಪಿಯರಿನದೊಂದನ್ನು ಕೊಂಡರೆ ಅನುಕೂಲ.

ತೂಕಕ್ಕೆ ಚಿಂತೆ ಇಲ್ಲ, ಸುರಕ್ಷತೆ ಮತ್ತು ಬಾಳಿಕೆ ಮುಖ್ಯ ಎನ್ನುವುದಾದರೆ ಲಿಥಿಯಂ ಐರನ್ ಫಾಸ್ಫೇಟ್ ಒಳ್ಳೆಯದು. 32700 ಗಾತ್ರದ, 6 ಆಂಪಿಯರ್-ಅವರ್‌ನ ಸೆಲ್‌ಗಳಿಂದ 12ಎಸ್ 3ಪಿ ಕಟ್ಟಿಸಿದರೆ 38.4 ವೋಲ್ಟ್, ಸುಮಾರು 690 ವಾಟ್-ಅವರ್. ಸೆಲ್‌ಗಳೇ ಐದು ಕಿಲೋ. ಬಿಸಿಯನ್ನು ಹೆಚ್ಚು ತಾಳುತ್ತದೆ, ಬೆಂಕಿಯ ಅಪಾಯ ಕಡಿಮೆ. ಆದರೆ ಅದರ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ನಿಮ್ಮ ಡಿಸ್‌ಪ್ಲೇಯ ಗೆರೆಗಳನ್ನು ನಂಬುವಂತಿಲ್ಲ. ಅದರ ಚಾರ್ಜರ್ 43.8 ವೋಲ್ಟ್‌ನದು. ಮನೆಯಲ್ಲಿ ಎರಡೂ ಬಗೆಯ ಪ್ಯಾಕ್ ಇದ್ದರೆ ಪ್ಲಗ್‌ಗಳು ಬೇರೆ ಬೇರೆ ಇರಲಿ: 43.8ರ ಚಾರ್ಜರನ್ನು ಹತ್ತು ಗುಂಪಿನ ಮಾಮೂಲಿ ಲಿಥಿಯಂ ಪ್ಯಾಕಿಗೆ ಚುಚ್ಚಿದರೆ ಪ್ರತಿ ಸೆಲ್ 4.38 ವೋಲ್ಟ್‌ನತ್ತ ಹೋಗುತ್ತದೆ, ನಡುವೆ ನಿಲ್ಲುವುದು ಬಿಎಂಎಸ್ ಒಂದೇ. ನಿಮ್ಮ ಮೌಂಟನ್ ಬೈಕಿನ ಕಿರಿದಾದ ಚೌಕಟ್ಟಿನೊಳಗೆ ಈ ಪೆಟ್ಟಿಗೆ ಹಿಡಿಯುತ್ತದೆಯೇ ಎಂದು ರಟ್ಟಿನಲ್ಲಿ ಅಳತೆ ಕತ್ತರಿಸಿ ಮೊದಲೇ ನೋಡಿಕೊಳ್ಳಿ.

ಸೆಲ್ ಕೊಳ್ಳುವಾಗ ಬೆಲೆಗಿಂತ ಮೊದಲು ತೂಕ ನೋಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಹೊದಿಕೆಯ ಮೇಲೆ ಏನು ಬೇಕಾದರೂ ಅಚ್ಚಾಗಿರಬಹುದು. 18650 ಗಾತ್ರದ ಸೆಲ್ ಮೇಲೆ 9800 ಎಂದು ಬರೆದಿದ್ದರೆ ಅದು ಸುಳ್ಳು, ಸಾಮಾನ್ಯವಾಗಿ ಸಿಗುವ ಒಳ್ಳೆಯವುಗಳದ್ದೇ 3500ರ ಆಸುಪಾಸು. ಕಟ್ಟುವ ಕೆಲಸವನ್ನು ಸ್ಪಾಟ್ ವೆಲ್ಡಿಂಗ್ ಇರುವವರಿಂದ ಮಾಡಿಸಿ. ಸೆಲ್‌ನ ತುದಿಗೆ ನೇರ ಬೆಸುಗೆ ಹಾಕಿದರೆ ಶಾಖ ಒಳಗಿನ ಪದರಗಳಿಗೆ ಹಾನಿ ಮಾಡುತ್ತದೆ. ಪಟ್ಟಿ ಶುದ್ಧ ನಿಕಲ್ಲಿನದೇ ಇರಲಿ. ನಿಕಲ್ ಲೇಪಿತ ಉಕ್ಕಿನ ಪಟ್ಟಿಯನ್ನು ಗೀರಿ ಉಪ್ಪುನೀರಿನಲ್ಲಿ ಒಂದು ರಾತ್ರಿ ಇಟ್ಟರೆ ತುಕ್ಕು ತೋರಿಸುತ್ತದೆ. ನಮ್ಮ ಮಳೆಗೆ ಅದು ಒಗ್ಗುವುದಿಲ್ಲ, ರೋಧವೂ ಹೆಚ್ಚು. ಪ್ರತಿ ಸೆಲ್‌ನ ಧನ ತುದಿಗೆ ಕಾಗದದ ನಿರೋಧಕ ಉಂಗುರ, ಸೆಲ್‌ಗಳ ನಡುವೆ ಪ್ಲಾಸ್ಟಿಕ್ ಹೋಲ್ಡರ್, ಪೆಟ್ಟಿಗೆಯ ಗೋಡೆಗೂ ಸೆಲ್‌ಗಳಿಗೂ ನಡುವೆ ಫೋಮ್ ಇರಬೇಕು. ಕಲ್ಲುದಾರಿಯ ಅದುರಾಟಕ್ಕೆ ಸೆಲ್‌ಗಳು ಒಂದಕ್ಕೊಂದು ಉಜ್ಜಿ ಹೊದಿಕೆ ಹರಿಯುವುದು ಮನೆಯಲ್ಲಿ ಕಟ್ಟಿದ ಪ್ಯಾಕುಗಳು ಶಾರ್ಟ್ ಆಗುವ ಒಂದು ದಾರಿ. ಇದೇ ಕಾರಣಕ್ಕೆ ಪ್ಯಾಕನ್ನು ಹಿಂದಿನ ಕ್ಯಾರಿಯರ್ ಮೇಲೆ ಇಡಬೇಡಿ, ಚೌಕಟ್ಟಿನ ಇಳಿಜಾರು ಕೊಳವೆಯ ಮೇಲೆ, ಆದಷ್ಟು ಕೆಳಗೆ ಕೂರಿಸಿ.

ಬಿಎಂಎಸ್ 25 ಆಂಪಿಯರಿನದು, ತಾಪಮಾನದ ಸೆನ್ಸರ್ ಇರುವಂಥದ್ದು, ಸಾಧ್ಯವಾದರೆ ಬ್ಲೂಟೂತ್‌ನಲ್ಲಿ ಪ್ರತಿ ಗುಂಪಿನ ವೋಲ್ಟೇಜ್ ತೋರಿಸುವಂಥದ್ದಿರಲಿ; ಮಲ್ಟಿಮೀಟರ್ ಹಿಡಿದು ಮಾಡಬೇಕಾದ ಕೆಲಸ ಫೋನಿನಲ್ಲೇ ಮುಗಿಯುತ್ತದೆ. ಏರಿನಲ್ಲಿ ನಿಲ್ಲುತ್ತದೆಂದು ಬಿಎಂಎಸ್ ಅನ್ನೇ ಬೈಪಾಸ್ ಮಾಡಿಕೊಡುವವರಿದ್ದಾರೆ, ದಯವಿಟ್ಟು ಒಪ್ಪಬೇಡಿ. ಧನ ತಂತಿಯಲ್ಲಿ, ಪ್ಯಾಕಿನ ಹತ್ತಿರದಲ್ಲೇ, 25 ಆಂಪಿಯರಿನ ಫ್ಯೂಸ್ ಇರಲಿ. ಕಾರಿನ ಅಂಗಡಿಯಲ್ಲಿ ಸಿಗುವ ಮಾಮೂಲಿ ಬ್ಲೇಡ್ ಫ್ಯೂಸುಗಳು 32 ವೋಲ್ಟ್‌ನವರೆಗೆ ಮಾತ್ರ. ಅದಕ್ಕಿಂತ ಹೆಚ್ಚಿದ್ದರೆ ತಂತಿ ಕರಗಿದ ಮೇಲೂ ಕಿಡಿ ನಿಲ್ಲದೆ ಉರಿಯಬಹುದು. 58 ವೋಲ್ಟ್ ಡಿಸಿ ಎಂದು ಬರೆದಿರುವುದನ್ನೇ ಕೇಳಿ ತನ್ನಿ.

ಮಳೆಯ ವಿಷಯದಲ್ಲಿ ಪೆಟ್ಟಿಗೆಯನ್ನು ಪೂರ್ತಿ ಗಾಳಿ ಆಡದಂತೆ ಮುಚ್ಚುವುದು ಅಷ್ಟು ಸುಲಭವಲ್ಲ, ಮುಚ್ಚಿದರೂ ಒಳಗಿನ ಗಾಳಿ ತಣಿದಾಗ ಸೀಳಿನಿಂದ ತೇವ ಎಳೆದುಕೊಳ್ಳುತ್ತದೆ. ತಂತಿಗಳು ಕೆಳಮುಖವಾಗಿ ಹೊರಬರುವಂತೆ ಮಾಡಿ, ಪೆಟ್ಟಿಗೆಯ ತಳದಲ್ಲಿ ಸಣ್ಣ ತೂತು ಬಿಟ್ಟು, ಬಿಎಂಎಸ್ ಬೋರ್ಡಿಗೆ ತೇವನಿರೋಧಕ ಲೇಪನ ಹಚ್ಚಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಪೈಪಿನಿಂದ ನೀರು ಹಾಯಿಸಿ ತೊಳೆಯುವಾಗ ಪ್ಯಾಕನ್ನು ಬಿಚ್ಚಿಡಿ.

ಇಳಿಯುವಾಗ ಚಾರ್ಜ್ ಆಗುವುದು ನಿಮ್ಮ ಮೋಟಾರಿನಲ್ಲಿ ಸಾಧ್ಯವಿಲ್ಲ. ಗೇರ್ಡ್ ಹಬ್‌ನೊಳಗೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇದೆ. ಇಳಿಜಾರಿನಲ್ಲಿ ಚಕ್ರ ಸುತ್ತಿದರೂ ಮೋಟಾರು ಸುತ್ತುವುದಿಲ್ಲ. ಆ ಹಣವನ್ನು ಒಳ್ಳೆಯ ಡಿಸ್ಕ್ ಬ್ರೇಕ್ ಪ್ಯಾಡುಗಳಿಗೆ ಹಾಕಿ, ಏಕೆಂದರೆ 110 ಕಿಲೋ ತೂಕ 800 ಮೀಟರ್ ಇಳಿಯುವಾಗ ಶಾಖವೆಲ್ಲ ಹೋಗುವುದು ಅಲ್ಲಿಗೇ.

ಬೆಟ್ಟದಿಂದ ಬಂದ ಕೂಡಲೇ ಚಾರ್ಜಿಗೆ ಹಾಕದೆ, ಪ್ಯಾಕ್ ಕೈಗೆ ತಣ್ಣಗಾದ ಮೇಲೆ ಹಾಕಿ. ನಿತ್ಯ ಓಡಾಟಕ್ಕೆ 41 ವೋಲ್ಟ್‌ನಲ್ಲಿ ನಿಲ್ಲಿಸಿದರೆ ಸೆಲ್‌ಗಳ ಬಾಳಿಕೆ ಹೆಚ್ಚುತ್ತದೆ. ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಪೂರ್ತಿ ತುಂಬಿಸಿ, ಗುಂಪುಗಳು ಸಮವಾಗುವುದೂ ಆಗಲೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ 37ರಿಂದ 38 ವೋಲ್ಟ್‌ನಲ್ಲಿ ಇಡಿ. ಮಲಗಿರುವಾಗ ಚಾರ್ಜ್ ಮಾಡಬೇಡಿ. ಮನೆಯಿಂದ ಹೊರಬರುವ ಬಾಗಿಲಿನ ಬಳಿಯಾಗಲಿ ಮೆಟ್ಟಿಲ ಕೆಳಗಾಗಲಿ ಬೇಡವೇ ಬೇಡ. ಸೆಲ್ ಉಬ್ಬಿದರೆ, ಸಿಹಿಯಾದ ರಾಸಾಯನಿಕ ವಾಸನೆ ಬಂದರೆ, ಕೆಳಗೆ ಬಿದ್ದ ಪ್ಯಾಕ್ ತಾನಾಗಿ ಬಿಸಿಯಾಗುತ್ತಿದ್ದರೆ ಅದನ್ನು ಮುಂದೆ ಬಳಸಬೇಡಿ. ಹೊಗೆ ಕಂಡರೆ ಎಲ್ಲರನ್ನೂ ಹೊರಗೆ ಕರೆತಂದು 112ಕ್ಕೆ ಕರೆ ಮಾಡಿ. ಆ ಹೊಗೆ ವಿಷ, ಪ್ಯಾಕನ್ನು ಕೈಯಲ್ಲಿ ಎತ್ತಿ ಹೊರಗೆ ಒಯ್ಯುವ ಸಾಹಸ ಬೇಡ.

ಪರೀಕ್ಷೆಯಲ್ಲಿ ಸೋತ ಹಳೆಯ ಪ್ಯಾಕನ್ನು ಗುಜರಿಗೆ ಹಾಕಬೇಡಿ. ಅಲ್ಲಿ ಅದನ್ನು ಸುತ್ತಿಗೆಯಲ್ಲಿ ಒಡೆಯುತ್ತಾರೆ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರಂತೆ ಬಳಸಿದ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆ ಉತ್ಪಾದಕರದ್ದು. ಹೊಸ ಪ್ಯಾಕ್ ಕಟ್ಟಿಕೊಡುವವರನ್ನು ಹಳೆಯದನ್ನು ನೋಂದಾಯಿತ ಮರುಬಳಕೆ ಘಟಕಕ್ಕೆ ಕಳುಹಿಸುತ್ತೀರಾ ಎಂದು ಮೊದಲೇ ಕೇಳಿ. ಒಪ್ಪಿಸುವವರೆಗೆ ತುದಿಗಳಿಗೆ ಟೇಪ್ ಸುತ್ತಿ, ಕಟ್ಟಿಗೆ ಕಾಗದ ಇಲ್ಲದ ಜಾಗದಲ್ಲಿ, ಮನೆಯ ಹೊರಗಿನ ನೆರಳಿನಲ್ಲಿ ಇರಿಸಿ.